ತಜ್ಞರ ಉತ್ತರ: ಮೈ ಕಲಿತ ಹೆದರಿಕೆಗೆ ಮೈಯಿಂದಲೇ ಚಿಕಿತ್ಸೆ

ಪ್ರಶ್ನೆ: ನಾವು ಕುಮಟಾ ತಾಲ್ಲೂಕಿನ ಒಂದು ಹಳ್ಳಿಯವರು. ಒಂಬತ್ತು ವರ್ಷದ ಅಕ್ಕನ ಮಗ ಏಳು ತಿಂಗಳಿಂದ ನಮ್ಮಲ್ಲಿದ್ದಾನೆ. ಅವನಪ್ಪ ಕುಡಿದು ಬಂದು ಅಕ್ಕನಿಗೂ ಅವನಿಗೂ ವರ್ಷಗಟ್ಟಲೆ ಹೊಡೆದಿದ್ದಾನೆ. ಅಕ್ಕ ಈಗ ಗೋವಾದಲ್ಲಿ ಕೆಲಸಕ್ಕಿದ್ದಾಳೆ. ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೆ ಹುಡುಗ ಮಂಚದಡಿ ಸೇರುತ್ತಾನೆ. ಶಾಲೆಯಲ್ಲಿ ಯಾರಾದರೂ ಹಿಂದಿನಿಂದ ಮುಟ್ಟಿದರೆ ತಿರುಗಿ ಹೊಡೆಯುತ್ತಾನೆ, ಮಾಸ್ತರು ಗದರಿದರೆ ಕಲ್ಲಿನ ಹಾಗೆ ನಿಂತುಬಿಡುತ್ತಾನೆ. ಹಸಿವೆಯಾ ಎಂದು ಕೇಳಿದರೆ ಗೊತ್ತಿಲ್ಲ ಎನ್ನುತ್ತಾನೆ, ಆದರೆ ದಿಂಬಿನಡಿ ಅವಲಕ್ಕಿ ಬಚ್ಚಿಡುತ್ತಾನೆ. ನನಗೆ 36 ವರ್ಷ. ನಾನೂ ಅಕ್ಕನೂ ಬೆಳೆದದ್ದು ಇಂಥದ್ದೇ ಮನೆಯಲ್ಲಿ. ಅವನು ಕೂಗಾಡಿದಾಗ ನನ್ನ ಎದೆ ಬಿಗಿಯುತ್ತದೆ, ಕೈ ಜೋಮು ಹಿಡಿಯುತ್ತದೆ. ‘ಬರೀ ಮಾತಿನ ಕೌನ್ಸೆಲಿಂಗ್ ಸಾಲದು, ದೇಹದ ಮೂಲಕ ನಡೆಸುವ ಥೆರಪಿ ನೋಡಿ’ ಎಂದು ಆಪ್ತಸಮಾಲೋಚಕಿಯೊಬ್ಬರು ಹೇಳಿದರು. ಅದು ಯೋಗವೇ, ಮಾಲೀಸೇ? ಕೋಣೆಯೊಳಗೆ ಏನು ಮಾಡುತ್ತಾರೆ? ಮನೆಯಲ್ಲಿ ನಾವು ಏನು ಮಾಡಬಹುದು? ಯಾರನ್ನು ನಂಬಬೇಕು? ಮೊದಲು ಅವನಿಗೆ ಮಾಡಿಸಲೋ, ನನಗೋ?

ಉತ್ತರ: ಮಾಲೀಸಲ್ಲ. ಯೋಗ ಅದರ ಒಂದು ಬಗೆ ಆಗಬಹುದು, ಆದರೆ ಊರಿನ ಯೋಗ ಶಿಬಿರದಲ್ಲಿ ನಡೆಯುವ ಹಾಗಲ್ಲ. ಇಲ್ಲಿ ಥೆರಪಿಸ್ಟ್ ಮಾತನ್ನು ಬಿಡುವುದಿಲ್ಲ. ಮಾತಿನ ಜೊತೆಗೆ ಚಲನೆ, ಭಂಗಿ, ತೂಕ, ಲಯ, ಉಸಿರು, ಮೈಯೊಳಗಿನ ಬಿಸಿ-ತಂಪು-ಬಿಗಿತ ಇವನ್ನೆಲ್ಲ ಹಿಡಿದು, ಸದಾ ಬಡಿದುಕೊಳ್ಳುತ್ತಿರುವ ಎಚ್ಚರಿಕೆಯ ಗಂಟೆಯನ್ನು ನಿಧಾನಕ್ಕೆ ತಗ್ಗಿಸುತ್ತಾರೆ. ಇದರಲ್ಲಿ ವಿಧಾನದ ಹೆಸರಿಗಿಂತ ಎರಡು ಸಂಗತಿ ಮುಖ್ಯ. ಒಂದು ಅಳತೆ, ಎಷ್ಟು ಎಂಬುದು. ಇನ್ನೊಂದು, ‘ಸಾಕು’ ಎನ್ನುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದು. ಇವೆರಡು ತಪ್ಪಿದರೆ ಒಳ್ಳೆಯ ವಿಧಾನವೂ ಮಗುವನ್ನು ಇನ್ನಷ್ಟು ಹೆದರಿಸುತ್ತದೆ.

ಹುಡುಗನಿಗೆ ಆಗುತ್ತಿರುವುದೇನು ಎಂಬುದನ್ನು ಮೊದಲು ನೋಡೋಣ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ಕಣ್ಣಾರೆ ಕಂಡ ಒಬ್ಬರಿಗೆ ಮಳೆ ಜೋರಾದಾಗಲೆಲ್ಲ ಎದೆ ಹಾರಿದರೆ, ಅದು ಒಂದು ದಿನದ ಆಘಾತ. ಅದಕ್ಕೆ ಹಿಂದಿನ ನೆಮ್ಮದಿಯ ದಿನಗಳು ಅವರಿಗೆ ನೆನಪಿವೆ, ಮರಳಿ ಹೋಗಲು ಒಂದು ದಡವಿದೆ. ನಿಮ್ಮ ಹುಡುಗನಿಗೆ ಅಂಥ ದಡವೇ ಕಟ್ಟಿಲ್ಲ. ಹೊಡೆಯುವವರೂ ಅನ್ನ ಹಾಕುವವರೂ ಒಂದೇ ಮನೆಯವರಾಗಿ, ಅದು ವರ್ಷಗಟ್ಟಲೆ ನಡೆದಾಗ, ಬೆಳೆಯುತ್ತಿರುವ ನರಮಂಡಲ ಅಪಾಯವನ್ನೇ ನಿತ್ಯದ ಸ್ಥಿತಿ ಎಂದು ಕಲಿಯುತ್ತದೆ. ಇದಕ್ಕೆ ಬೇರೆ ಹೆಸರು ಬೇಕು ಎಂದು ಅಮೆರಿಕದ ಮನೋವೈದ್ಯೆ ಜೂಡಿತ್ ಹರ್ಮನ್ 1992ರಲ್ಲೇ ವಾದಿಸಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೇ ಆವೃತ್ತಿ 2022ರ ಜನವರಿಯಿಂದ ಜಾರಿಗೆ ಬಂದಾಗ ಸಂಕೀರ್ಣ ಪಿಟಿಎಸ್‌ಡಿಗೆ ಅಲ್ಲಿ ಪ್ರತ್ಯೇಕ ಸ್ಥಾನ ಸಿಕ್ಕಿತು. ಪಿಟಿಎಸ್‌ಡಿ ಎಂದರೆ ಆಘಾತದ ನಂತರ ಉಳಿದುಬಿಡುವ ಒತ್ತಡದ ಕಾಯಿಲೆ. ಹಳೆಯದು ಮರುಕಳಿಸುವುದು, ಅದನ್ನು ನೆನಪಿಸುವುದರಿಂದ ತಪ್ಪಿಸಿಕೊಳ್ಳುವುದು, ಸದಾ ಅಪಾಯದ ಭಾವ, ಈ ಮೂರರ ಜೊತೆಗೆ ಭಾವನೆ ಹತೋಟಿಗೆ ಸಿಗದಿರುವುದು, ತಾನು ಕೆಟ್ಟವನು ಅಥವಾ ಕೆಲಸಕ್ಕೆ ಬಾರದವಳು ಎಂಬ ಆಳದ ನಂಬಿಕೆ, ಸಂಬಂಧಗಳಲ್ಲಿ ನೆಲೆ ನಿಲ್ಲಲಾಗದಿರುವುದು ಇವೂ ಇದ್ದರೆ ಆ ಹೆಸರು ಹೇಳುತ್ತಾರೆ. ನಿಮ್ಮ ಪತ್ರ ಓದಿ ನಿಮಗಾಗಲಿ ಅವನಿಗಾಗಲಿ ನಾನು ಆ ಹೆಸರು ಅಂಟಿಸಲಾರೆ. ಎದುರಿಗೆ ಕೂರಿಸಿಕೊಂಡು ನೋಡಿದವರು ಹೇಳಬೇಕಾದ ಮಾತು ಅದು.

ತಿರುಗಿ ಹೊಡೆಯುವುದೂ ಕಲ್ಲಿನ ಹಾಗೆ ನಿಲ್ಲುವುದೂ ಒಂದೇ ಹೆದರಿಕೆಯ ಎರಡು ಮುಖ. ಮೊದಲನೆಯದರಲ್ಲಿ ಎದೆ ಬಡಿತ ಏರಿ, ಸ್ನಾಯು ಬಿಗಿದು, ಓಡು ಇಲ್ಲವೇ ಹೊಡೆ ಎಂಬ ಆಜ್ಞೆ ಹೊರಡುತ್ತದೆ. ಎರಡನೆಯದರಲ್ಲಿ ಓಡಲೂ ಆಗದು, ಹೊಡೆಯಲೂ ಆಗದು ಎಂದಾದಾಗ ಮೈ ತಾನೇ ಬಾಗಿಲು ಹಾಕಿಕೊಳ್ಳುತ್ತದೆ. ಈ ಎರಡರ ನಡುವೆ, ಮನುಷ್ಯ ಯೋಚಿಸಬಲ್ಲ, ಕಲಿಯಬಲ್ಲ, ನಗಬಲ್ಲ ಒಂದು ಜಾಗವಿದೆ. ಅಮೆರಿಕದ ಮನೋವೈದ್ಯ ಡೇನಿಯಲ್ ಸೀಗಲ್ 1999ರಲ್ಲಿ ಅದನ್ನು ಸಹನೆಯ ಕಿಟಕಿ ಎಂದು ಕರೆದರು. ನಿಮ್ಮ ಹುಡುಗನ ಕಿಟಕಿ ಬಹಳ ಕಿರಿದು. ‘ಸುಮ್ಮನಿರು’, ‘ಯಾಕೆ ಹೀಗೆ ಮಾಡ್ತೀಯಾ’ ಎಂಬ ಮಾತು ಅವನಿಗೆ ತಲುಪುವುದು ಆ ಕಿಟಕಿಯೊಳಗೆ ಇದ್ದಾಗ ಮಾತ್ರ. ಹೊರಗೆ ಬಿದ್ದಾಗ ಕಿವಿಗೆ ಬೀಳುವುದು ನಿಮ್ಮ ದನಿಯ ಏರಿಳಿತವಷ್ಟೇ. ಬರೀ ಮಾತು ಸಾಲದು ಎಂದು ಸಮಾಲೋಚಕಿ ಹೇಳಿದ್ದು ಇದಕ್ಕೇ, ಮತ್ತು ಅವರು ಸರಿಯಾಗಿಯೇ ಹೇಳಿದ್ದಾರೆ.

ಅಘನಾಶಿನಿ ನದಿಮುಖದ ಗಜನಿ ಗದ್ದೆ, ಅಂದರೆ ಉಪ್ಪುನೀರಿನ ಗದ್ದೆ, ನೋಡಿದವರಿಗೆ ಈ ಚಿಕಿತ್ಸೆಯ ಲೆಕ್ಕ ಬೇಗ ತಿಳಿಯುತ್ತದೆ. ಭರತದ, ಅಂದರೆ ಉಬ್ಬರದ, ನೀರನ್ನು ಬಾಗಿಲೆತ್ತಿ ಬೇಕಾದಷ್ಟೇ ಒಳಗೆ ಬಿಡುತ್ತಾರೆ, ಇಳಿತಕ್ಕೆ ಹೊರಗೆ ಬಿಡುತ್ತಾರೆ. ಕಟ್ಟೆ ಒಡೆದು ನುಗ್ಗಿದರೆ ಬೆಳೆ ಹೋಗುತ್ತದೆ. ಹಳೆಯ ಹೆದರಿಕೆಯನ್ನೂ ಹಾಗೆಯೇ ಒಂದು ಬೊಗಸೆ ಒಳಗೆ ಬಿಟ್ಟು, ಮೈ ಅದನ್ನು ತಡೆದುಕೊಂಡು ಮರಳಿ ತಣಿಯುವವರೆಗೆ ಕಾಯಬೇಕು. ಆಮೇಲೆ ಇನ್ನೊಂದು ಬೊಗಸೆ. ಒಮ್ಮೆ ಚೆನ್ನಾಗಿ ಅತ್ತು, ಕೂಗಿ, ನಡುಗಿಬಿಟ್ಟರೆ ಎಲ್ಲ ಹೊರಗೆ ಹೋಗಿಬಿಡುತ್ತದೆ ಎಂದು ಹೇಳುವವರನ್ನು ನಂಬಬೇಡಿ. ಸಂಕೀರ್ಣ ಆಘಾತದಲ್ಲಿ ಅದು ಕಟ್ಟೆ ಒಡೆದ ಹಾಗೆಯೇ. ಅಂದು ಹಗುರವೆನಿಸಿದರೂ ಆಮೇಲೆ ನಿದ್ದೆ ಕೆಡಬಹುದು. ಸೊಂಟದ ಸ್ನಾಯುವಿನೊಳಗೆ ನೋವಿನ ನೆನಪು ಕೂತಿದೆ, ಅದನ್ನು ಒತ್ತಿ ತೆಗೆಯುತ್ತೇವೆ ಎನ್ನುವವರೂ ಇದ್ದಾರೆ. ನೆನಪು ಇರುವುದು ನರಮಂಡಲದಲ್ಲಿ, ಸ್ನಾಯು ಅದರ ಆಜ್ಞೆ ಪಾಲಿಸುತ್ತದಷ್ಟೆ.

ಮಕ್ಕಳ ಕೋಣೆಯೊಳಗೆ ಹೋಗೋಣ. ಜೀನ್ ಏರ್ಸ್ ಎಂಬ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಚಟುವಟಿಕೆಗಳ ಮೂಲಕ ಚಿಕಿತ್ಸೆ ಕೊಡುವವರು) ಕಳೆದ ಶತಮಾನದ ಅರುವತ್ತು-ಎಪ್ಪತ್ತರ ದಶಕದಲ್ಲಿ ಕಟ್ಟಿದ ಸಂವೇದನಾ ಸಂಯೋಜನೆಯ, ಅಂದರೆ ಮೈಗೆ ಬರುವ ಸಂವೇದನೆಗಳನ್ನು ಮಿದುಳು ಹೇಗೆ ಹೊಂದಿಸಿಕೊಳ್ಳುತ್ತದೆ ಎಂಬ, ತಿಳಿವಳಿಕೆಯನ್ನು ಆಘಾತದ ಚಿಕಿತ್ಸೆಗೆ ಜೋಡಿಸಿ, ಅಮೆರಿಕದ ಮ್ಯಾಸಚೂಸೆಟ್ಸ್‌ನ ಟ್ರಾಮಾ ಸೆಂಟರ್‌ನ ಚಿಕಿತ್ಸಕರು ಸ್ಮಾರ್ಟ್ ಎಂಬ ವಿಧಾನ ರೂಪಿಸಿದರು. ಸೆನ್ಸರಿ ಮೋಟರ್ ಅರೌಸಲ್ ರೆಗ್ಯುಲೇಷನ್ ಟ್ರೀಟ್‌ಮೆಂಟ್ ಎಂಬುದು ಅದರ ಪೂರ್ತಿ ಹೆಸರು. ಅಂಥ ಕೋಣೆಯಲ್ಲಿ ಮೇಜು-ಕುರ್ಚಿಗಿಂತ ದಪ್ಪ ಫೋಮ್ ಹಾಸಿಗೆ, ದೊಡ್ಡ ರಬ್ಬರ್ ಚೆಂಡು, ಸಣ್ಣ ಟ್ರ್ಯಾಂಪೊಲಿನ್, ಬಟ್ಟೆಯ ಸುರಂಗ, ನೆಲಮಟ್ಟದ ಮರದ ಪಟ್ಟಿ, ತೂಕದ ಹೊದಿಕೆ ಇರುತ್ತವೆ. ವಾರಕ್ಕೊಮ್ಮೆ 45ರಿಂದ 60 ನಿಮಿಷ. ಸಾಧ್ಯವಾದಷ್ಟೂ ಸಾಕುವವರು, ಅಂದರೆ ನೀವು, ಕೋಣೆಯಲ್ಲೇ ಇರುತ್ತೀರಿ. ಮಗು ಏನನ್ನು ಆರಿಸುತ್ತದೋ ಅಲ್ಲಿಂದ ಶುರು. ಹೊರಗಿನಿಂದ ನೋಡಿದರೆ ಆಟ. ಆದರೆ ಥೆರಪಿಸ್ಟ್ ಲೆಕ್ಕವಿಡುವುದು ಮೂರು ಬಗೆಯ ಸಂವೇದನೆಯನ್ನು: ಚರ್ಮಕ್ಕೆ ಸಿಗುವ ಸ್ಪರ್ಶ, ಕಿವಿಯೊಳಗಿನ ಸಮತೋಲನದ ಅಂಗಕ್ಕೆ ಸಿಗುವ ತೂಗಾಟ, ಸ್ನಾಯು-ಕೀಲುಗಳಿಗೆ ಸಿಗುವ ಒತ್ತಡ ಮತ್ತು ಭಾರ.

ಈ ಮೂರರ ಸ್ವಭಾವ ಬೇರೆ ಬೇರೆ, ತಪ್ಪಾಗುವುದೂ ಇಲ್ಲೇ. ಭಾರ ಎಳೆಯುವುದು, ತಳ್ಳುವುದು, ದಿಂಬುಗಳ ನಡುವೆ ಗಟ್ಟಿಯಾಗಿ ಒತ್ತಿಕೊಳ್ಳುವುದು ಸಾಮಾನ್ಯವಾಗಿ ತಣಿಸುತ್ತದೆ. ಹಿಂದೆ-ಮುಂದೆ ನಿಧಾನವಾಗಿ ತೂಗುವುದೂ ತಣಿಸುತ್ತದೆ. ಗಿರಗಿರ ತಿರುಗಿಸುವುದು ಮಾತ್ರ ಕೆರಳಿಸುತ್ತದೆ, ಅದರ ಪರಿಣಾಮ ಗಂಟೆಗಟ್ಟಲೆ ಉಳಿಯಬಹುದು. ಟ್ರ್ಯಾಂಪೊಲಿನ್ ಮೇಲೆ ಹುಡುಗ ಖುಷಿಯಾಗಿ ಕುಣಿಯುತ್ತಿದ್ದಾನೆಂದು ಇಪ್ಪತ್ತು ನಿಮಿಷ ಬಿಟ್ಟರೆ, ಖುಷಿ ಯಾವಾಗ ಹುಚ್ಚಾಟವಾಯಿತು ಎಂದು ಗೊತ್ತಾಗುವುದಿಲ್ಲ, ಕೊನೆಗೆ ಯಾರಿಗಾದರೂ ಹೊಡೆದು ಮುಗಿಯುತ್ತದೆ. ತಿಳಿದವರು ಎರಡು-ಮೂರು ನಿಮಿಷ ಕುಣಿಸಿ, ಹಾಸಿಗೆಯ ಮೇಲೆ ಬೀಳಿಸಿ, ದಿಂಬಿನಿಂದ ಒತ್ತಿಸಿಕೊಳ್ಳಲು ‘ಬೇಕಾ?’ ಎಂದು ಕೇಳಿ, ಉಸಿರು ಇಳಿಯುವವರೆಗೆ ಕಾದು ಮತ್ತೆ ಬಿಡುತ್ತಾರೆ. ಏರಿ ಇಳಿಯುವ ಈ ಅಭ್ಯಾಸವೇ ಮದ್ದು. ಏರಿದ ಮೈ ಯಾರ ಹೊಡೆತವೂ ಇಲ್ಲದೆ ಇಳಿಯಬಲ್ಲದು ಎಂಬುದನ್ನು ಅವನು ಮೊದಲ ಸಲ ಕಲಿಯುತ್ತಿರುತ್ತಾನೆ.

ಎಲ್ಲಕ್ಕಿಂತ ಅಪಾಯದ ತಪ್ಪು ಇನ್ನೊಂದಿದೆ: ಮರಗಟ್ಟಿದ್ದನ್ನು ಶಾಂತ ಎಂದುಕೊಳ್ಳುವುದು. ಕೂಗಾಡುವ ಮಗು ಸುಮ್ಮನಾದರೆ ಮನೆಯವರಿಗೂ ಮಾಸ್ತರಿಗೂ ಸಮಾಧಾನ. ಆದರೆ ತಣಿದ ಮಗುವಿನ ಕೈ ಬೆಚ್ಚಗಿರುತ್ತದೆ, ಕಣ್ಣು ಅತ್ತಿತ್ತ ಹೊರಳುತ್ತದೆ, ಆಕಳಿಕೆ ಅಥವಾ ನಿಟ್ಟುಸಿರು ಬರುತ್ತದೆ, ಕೇಳಿದ್ದಕ್ಕೆ ತನ್ನದೇ ಮಾತಿನಲ್ಲಿ ಉತ್ತರ ಬರುತ್ತದೆ. ಮರಗಟ್ಟಿದ ಮಗುವಿನ ಕೈ ತಣ್ಣಗೆ, ನೋಟ ಒಂದೇ ಕಡೆ, ಉಸಿರು ಮೇಲುಮೇಲೆ, ಹೇಳಿದ್ದಕ್ಕೆಲ್ಲ ‘ಹ್ಞೂಂ’. ಆಗ ಮಾಡಬೇಕಾದದ್ದು ಇನ್ನಷ್ಟು ತಣಿಸುವುದಲ್ಲ. ಮೆಲ್ಲಗೆ ಎಬ್ಬಿಸಬೇಕು: ತಣ್ಣೀರು ಕುಡಿಯಲು ಕೊಡುವುದು, ಹುಳಿ ಪುನರ್ಪುಳಿ ಚೂರು ಬಾಯಿಗೆ ಕೊಡುವುದು, ಚೆಂಡು ಉರುಳಿಸುವುದು, ನಿಂತುಕೊಳ್ಳಲು ಹೇಳುವುದು. ಒಂದು ಎಚ್ಚರಿಕೆ. ನೋಟ ನಿಂತುಹೋಗುವುದೆಲ್ಲ ಹೆದರಿಕೆಯಿಂದಲೇ ಆಗಬೇಕೆಂದಿಲ್ಲ. ಆಟದ ನಡುವೆ, ಯಾವ ಕಾರಣವೂ ಇಲ್ಲದೆ, ಕೆಲವೇ ಸೆಕೆಂಡು ಮಾತು ಅರ್ಧಕ್ಕೇ ತುಂಡಾಗಿ, ಮುಟ್ಟಿದರೂ ಎಚ್ಚರವಾಗದೆ, ಆಮೇಲೆ ಏನೂ ಆಗದ ಹಾಗೆ ಮುಂದುವರಿದರೆ ಅದು ಒಂದು ಬಗೆಯ ಅಪಸ್ಮಾರ ಇರಬಹುದು. ಮಕ್ಕಳ ವೈದ್ಯರಿಗೆ ತೋರಿಸಿ, ಅವರು ಹೇಳಿದರೆ ಮಿದುಳಿನ ವಿದ್ಯುತ್ ಚಟುವಟಿಕೆ ನೋಡುವ ಇಇಜಿ ಮಾಡಿಸಿ. ಕಿವಿ ಕೇಳುವುದನ್ನೂ ಒಮ್ಮೆ ಪರೀಕ್ಷಿಸಿ. ತಲೆಗೆ ಪೆಟ್ಟು ತಿಂದ ಮಕ್ಕಳಲ್ಲಿ ಇವೆರಡನ್ನು ಮರೆಯಬಾರದು. ನೀವೂ ಎದೆ ಬಿಗಿತಕ್ಕೆ ಮೊದಲು ವೈದ್ಯರಿಗೆ ತೋರಿಸಿ ಹೃದಯ, ಥೈರಾಯಿಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಂಡುಬಿಡಿ.

ದೊಡ್ಡವರ ಸೆಷನ್ ಕುರ್ಚಿಯ ಮೇಲೆಯೇ ನಡೆಯುತ್ತದೆ. ಪೀಟರ್ ಲೆವಿನ್ ರೂಪಿಸಿದ ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್, ಪ್ಯಾಟ್ ಆಗ್ಡೆನ್ ಕಟ್ಟಿದ ಸೆನ್ಸರಿಮೋಟರ್ ಸೈಕೋಥೆರಪಿ ಇವು ಹೆಚ್ಚು ಹೆಸರಾದವು. ಮೊದಲ ಹೆಜ್ಜೆ ಸುತ್ತ ನೋಡುವುದು. ಕುತ್ತಿಗೆಯನ್ನು ನಿಧಾನಕ್ಕೆ ತಿರುಗಿಸಿ ಬಾಗಿಲು ಎಲ್ಲಿ, ಕಿಟಕಿ ಎಲ್ಲಿ, ಕಣ್ಣಿಗೆ ಹಿತವಾದದ್ದು ಯಾವುದು ಎಂದು ಗುರುತಿಸುತ್ತೀರಿ. ಆಮೇಲೆ ಮೈಯಲ್ಲಿ ನೋವೂ ಇಲ್ಲದ, ಭಯವೂ ಇಲ್ಲದ ಒಂದು ಜಾಗ ಹುಡುಕುತ್ತಾರೆ. ಅಂಗಾಲು, ಮೊಣಕಾಲು, ಕಿವಿಯ ತುದಿ, ಯಾವುದೂ ಆಗಬಹುದು. ಎದೆಯ ಬಿಗಿತದ ಕಡೆಗೆ ಐದು-ಹತ್ತು ಸೆಕೆಂಡು ಗಮನ ಕೊಟ್ಟು, ಮರಳಿ ಅಂಗಾಲಿಗೆ ಬರುತ್ತೀರಿ. ಹೀಗೆ ಹೋಗಿ ಬರುವುದು ಮೂರು-ನಾಲ್ಕು ಸಲವಾದರೆ ಒಂದು ಸೆಷನ್ನಿಗೆ ಸಾಕು. ಇನ್ನೊಂದು ಹೆಜ್ಜೆ, ಅಂದು ಅರ್ಧಕ್ಕೇ ನಿಂತ ಚಲನೆಯನ್ನು ಪೂರ್ತಿ ಮಾಡುವುದು. ಚಿಕ್ಕವರಿದ್ದಾಗ ಎತ್ತಲಾಗದೆ ಹೋದ ಕೈಗಳನ್ನು ಈಗ ಗೋಡೆಗೆ ಒತ್ತಿ, ಬೆನ್ನಿನಿಂದ ಬಲ ಬರುವ ಹಾಗೆ, ಬಹಳ ನಿಧಾನವಾಗಿ ತಳ್ಳಿಸುತ್ತಾರೆ. ವೇಗವಾಗಿ ಮಾಡಿದರೆ ಅದು ಬರೀ ವ್ಯಾಯಾಮ. ನಿಧಾನವಾದಾಗ ಮಾತ್ರ ಮೈಗೆ ‘ನನ್ನ ಕೈಗೆ ಬಲವಿದೆ’ ಎಂಬ ಸುದ್ದಿ ತಲುಪುತ್ತದೆ.

ಉಸಿರಾಟದ ಬಗ್ಗೆ ಒತ್ತಿ ಹೇಳುತ್ತೇನೆ, ಏಕೆಂದರೆ ನಮ್ಮಲ್ಲಿ ಎಲ್ಲರೂ ಮೊದಲು ಕೊಡುವ ಸಲಹೆ ‘ದೀರ್ಘವಾಗಿ ಉಸಿರೆಳೆದುಕೋ’. ಆಘಾತಕ್ಕೊಳಗಾದ ಅನೇಕರಿಗೆ ಉಸಿರಿನ ಮೇಲೆ ಗಮನ ಹೋಗುವುದೇ ಗಾಬರಿ. ಜೋರಾಗಿ ಪದೇ ಪದೇ ಎಳೆದುಕೊಂಡರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಲೆ ತಿರುಗುತ್ತದೆ, ಬೆರಳು ಜುಮುಗುಡುತ್ತದೆ. ನಿಮ್ಮ ಕೈ ಜೋಮಿಗೂ ಇದೇ ಕಾರಣವಿರಬಹುದು. ಮಾಡುವುದಾದರೆ ಎಳೆದುಕೊಳ್ಳುವುದನ್ನು ಸಹಜವಾಗಿ ಬಿಟ್ಟು, ಬಿಡುವುದನ್ನಷ್ಟೇ ಉದ್ದ ಮಾಡಿ. ಮೂರು ಎಣಿಕೆಗೆ ಒಳಗೆ, ಐದಕ್ಕೆ ಹೊರಗೆ, ನಾಲ್ಕೈದು ಸಲ ಸಾಕು. ಹಿಡಿದಿಟ್ಟುಕೊಳ್ಳುವುದು ಬೇಡ, ಕಣ್ಣು ಮುಚ್ಚಬೇಕೆಂದೂ ಇಲ್ಲ. ಗಾಬರಿ ಹೆಚ್ಚಾದರೆ ಅಲ್ಲಿಗೇ ಬಿಟ್ಟು ಅಂಗಾಲು ನೆಲಕ್ಕೆ ಒತ್ತಿ. ಹುಡುಗನಿಗೆ ಎಣಿಕೆ ಬೇಡವೇ ಬೇಡ. ಸೋಪಿನ ಗುಳ್ಳೆ ಊದಿಸಿ ಅಥವಾ ಪೀಪಿ ಕೊಡಿ, ಉಸಿರು ತಾನೇ ಉದ್ದವಾಗುತ್ತದೆ.

ಆಘಾತದ ಅರಿವಿಟ್ಟುಕೊಂಡು ಕಲಿಸುವ ಯೋಗದಲ್ಲಿಯೂ ಇದೇ ಎಚ್ಚರ. ‘ಕೈ ಎತ್ತಿ’ ಎನ್ನುವ ಬದಲು ‘ಬೇಕೆನಿಸಿದರೆ ಕೈ ಎತ್ತಬಹುದು’ ಎನ್ನುತ್ತಾರೆ. ತಿದ್ದುವುದಕ್ಕೆಂದು ಮೈ ಮುಟ್ಟುವುದಿಲ್ಲ, ಹಿಂದಿನಿಂದ ಬಂದು ನಿಲ್ಲುವುದಿಲ್ಲ. ಶವಾಸನ ಹಲವರಿಗೆ ಹೆದರಿಕೆ ತರುತ್ತದೆ, ಅವರನ್ನು ಗೋಡೆಗೆ ಒರಗಿ ಕೂರಲು ಬಿಡುತ್ತಾರೆ. 2014ರಲ್ಲಿ ಮನೋವೈದ್ಯ ವ್ಯಾನ್ ಡರ್ ಕೋಲ್ಕ್ ಮತ್ತು ಸಂಗಡಿಗರು ಬೇರೆ ಚಿಕಿತ್ಸೆಗೆ ಬಗ್ಗದ ಪಿಟಿಎಸ್‌ಡಿ ಇದ್ದ 64 ಮಹಿಳೆಯರ ಅಧ್ಯಯನ ಪ್ರಕಟಿಸಿದರು. ವಾರಕ್ಕೆ ಒಂದು ಗಂಟೆಯಂತೆ ಹತ್ತು ವಾರ ಇಂಥ ಯೋಗ ಮಾಡಿದ 31 ಮಂದಿಯಲ್ಲಿ 16 ಮಂದಿ ಕೊನೆಗೆ ಪಿಟಿಎಸ್‌ಡಿಯ ಮಾನದಂಡದಿಂದ ಹೊರಬಂದಿದ್ದರು. ಆರೋಗ್ಯ ಶಿಕ್ಷಣದ ತರಗತಿಗೆ ಹೋದ 29 ಮಂದಿಯಲ್ಲಿ ಹಾಗಾದವರು 6. ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್ ಬಗ್ಗೆ 2017ರಲ್ಲಿ ಇಸ್ರೇಲಿನಿಂದ ಬಂದ 63 ಮಂದಿಯ, 15 ವಾರಗಳ ಅಧ್ಯಯನವೂ ಒಳ್ಳೆಯ ಫಲ ತೋರಿಸಿತು. ಇವು ಭರವಸೆ ಕೊಡುವಂಥವು, ಆದರೆ ಸಣ್ಣ ಅಧ್ಯಯನಗಳು. ಮಕ್ಕಳ ವಿಧಾನಗಳಿಗೆ ಸಾಕ್ಷ್ಯ ಇದಕ್ಕಿಂತಲೂ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗದರ್ಶಿಯಲ್ಲಿ ಪಿಟಿಎಸ್‌ಡಿ ಇರುವ ಮಕ್ಕಳಿಗೂ ದೊಡ್ಡವರಿಗೂ ಹೇಳಿದ್ದು ಆಘಾತಕ್ಕೆಂದೇ ರೂಪಿಸಿದ ಸಿಬಿಟಿ (ಯೋಚನೆ ಮತ್ತು ನಡವಳಿಕೆಯನ್ನು ಬದಲಿಸುವ ಮಾತಿನ ಚಿಕಿತ್ಸೆ) ಮತ್ತು ಕಣ್ಣಿನ ಚಲನೆ ಬಳಸುವ ಇಎಂಡಿಆರ್ ಎಂಬ ಎರಡನ್ನು. ಆದ್ದರಿಂದ ದೇಹದ ಚಿಕಿತ್ಸೆಯನ್ನು ಅವಕ್ಕೆ ನೆಲ ಹದ ಮಾಡುವ ಕೆಲಸವಾಗಿ, ಜೊತೆಗಾರನಾಗಿ ನೋಡಿ. ಮನೋವೈದ್ಯರು ಕೊಟ್ಟ ಮಾತ್ರೆ ಇದ್ದರೆ ಅವರನ್ನು ಕೇಳದೆ ನಿಲ್ಲಿಸಬೇಡಿ. ಮಿದುಳಿನಿಂದ ಎದೆ-ಹೊಟ್ಟೆಗೆ ಇಳಿಯುವ ವೇಗಸ್ ನರದ ಬಗ್ಗೆ ಈಗ ಎಲ್ಲೆಡೆ ವಿಡಿಯೊಗಳಿವೆ. ಅವುಗಳ ಹಿಂದಿರುವ ಸ್ಟೀಫನ್ ಪೋರ್ಜಸ್ ಅವರ ಸಿದ್ಧಾಂತದ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಜಗಳವಿದೆ. ಗುನುಗುವುದು, ತೂಗುವುದು ಹಿತವಾದರೆ ಮಾಡಿ, ಅದಕ್ಕೆ ಸಿದ್ಧಾಂತದ ಹಂಗು ಬೇಕಿಲ್ಲ.

ಮನೆಯ ವಿಷಯ. ಸಾವಿರಾರು ರೂಪಾಯಿಯ ಸಾಮಾನು ತರಿಸಬೇಡಿ. ನಿಮ್ಮ ಹಿತ್ತಿಲಲ್ಲಿ ಬೇಕಾದದ್ದೆಲ್ಲ ಇದೆ. ಶಾಲೆಗೆ ಹೋಗುವ ಮೊದಲು ಹತ್ತು ನಿಮಿಷ ಭಾರದ ಕೆಲಸ ಕೊಡಿ: ನಿಮ್ಮ ಜೊತೆ ನಿಂತು ಬಾವಿಯ ಹಗ್ಗ ಎಳೆಯಲಿ, ಮೂರು ಲೀಟರ್ ನೀರಿರುವ ಸಣ್ಣ ಕೊಡಪಾನ ಹೊತ್ತು ತರಲಿ, ತೆಂಗಿನ ಸಿಪ್ಪೆ ತುಂಬಿದ ಚೀಲ ಎಳೆಯಲಿ. ಒರಳಿನಲ್ಲಿ ಉದ್ದು ರುಬ್ಬುವುದಕ್ಕೆ ಸಮನಾದ ಥೆರಪಿ ಉಪಕರಣ ಸಿಗುವುದು ಕಷ್ಟ. ಭುಜ, ಮೊಣಕೈ, ಬೆನ್ನು ಎಲ್ಲಕ್ಕೂ ಒತ್ತಡ, ಜೊತೆಗೆ ಒಂದೇ ಲಯ. ಒಂದು ನಿಯಮವಿದೆ: ಕೆಲಸ ಅವನ ತಾಕತ್ತಿನೊಳಗೆ ಇರಬೇಕು, ತಪ್ಪಿಗೆ ಶಿಕ್ಷೆಯಾಗಿ ಎಂದೂ ಕೊಡಬಾರದು. ಶಿಕ್ಷೆಯಾದ ಕ್ಷಣಕ್ಕೆ ಅದೇ ಭಾರ ಹೆದರಿಕೆಯ ಭಾರವಾಗುತ್ತದೆ.

ಜಗುಲಿಯಲ್ಲಿ ಉಯ್ಯಾಲೆ ಇದ್ದರೆ ಸಂಜೆ ಐದರಿಂದ ಹತ್ತು ನಿಮಿಷ, ಅವನ ಕಾಲು ನೆಲಕ್ಕೆ ತಾಗುವ ಹಾಗೆ, ವೇಗ ಅವನೇ ನಿರ್ಧರಿಸುವ ಹಾಗೆ. ನೀವು ಪಕ್ಕದಲ್ಲಿ ಕೂತು ಏನಾದರೂ ಗುನುಗಿ. ಹಗ್ಗ ಹುರಿ ಮಾಡಿ ತಿರುಗಿಸಿ ಬಿಡುವ ಆಟ ಬೇಡ. ಹಳೆಯ ಅಡಿಕೆ ಮರದ ತುಂಡೊಂದನ್ನು ಅಂಗಳದಲ್ಲಿ ಮಲಗಿಸಿ ಸಂಕ ದಾಟುವ ಆಟ ಆಡಿಸಬಹುದು. ಹಳ್ಳದ ಮೇಲಿನ ನಿಜವಾದ ಕಾಲುಸಂಕದಲ್ಲಿ ಮಾತ್ರ ಬೇಡ. ಸಮುದ್ರ ಹತ್ತಿರವಿದ್ದರೆ ಒದ್ದೆ ಮರಳಿನ ಮೇಲೆ ಬರಿಗಾಲಲ್ಲಿ ನಡೆಸಿ, ಒಣ ಮರಳಿಗಿಂತ ಅದು ಪಾದಕ್ಕೆ ಗಟ್ಟಿ ಸುದ್ದಿ ಕೊಡುತ್ತದೆ. ಹೋಮ್‌ವರ್ಕ್ ಮಾಡುವಾಗ ಒಂದು ಕಿಲೊ ಹುರುಳಿ ತುಂಬಿ ಹೊಲಿದ ಬಟ್ಟೆ ಚೀಲ ತೊಡೆಯ ಮೇಲಿರಲಿ, 15-20 ನಿಮಿಷ. ತೂಕದ ಹೊದಿಕೆ ಬಳಸುವುದಾದರೆ ಮೈತೂಕದ ಹತ್ತನೆಯ ಒಂದು ಭಾಗದ ಸುತ್ತಮುತ್ತ, ಅಂದರೆ 25 ಕಿಲೊ ಇರುವ ಹುಡುಗನಿಗೆ ಎರಡೂವರೆ ಕಿಲೊ. ಅದನ್ನು ಅವನೇ ಸುಲಭವಾಗಿ ತೆಗೆದುಹಾಕುವಂತಿರಬೇಕು. ಮುಖದ ಮೇಲೆ ಬರಬಾರದು, ರಾತ್ರಿಯಿಡೀ ಹೊದಿಸಬಾರದು, ದಮ್ಮು ಇರುವ ಮಗುವಿಗೆ ವೈದ್ಯರನ್ನು ಕೇಳದೆ ಕೊಡಬಾರದು.

ಅವಲಕ್ಕಿ ಬಚ್ಚಿಡುವುದಕ್ಕೆ ಗದರಬೇಡಿ. ಅವನ ಹೆಸರಿನ ಒಂದು ಡಬ್ಬಿ ಕೊಡಿ, ಅದು ಯಾವತ್ತೂ ಖಾಲಿಯಾಗದಂತೆ ನೋಡಿಕೊಳ್ಳಿ. ಹಸಿವು ಗೊತ್ತಿಲ್ಲ ಎನ್ನುವುದು ಸುಳ್ಳಲ್ಲ. ನೋವು ತಿಳಿಯಬಾರದೆಂದು ಮೈಯ ಒಳದನಿಗೆ ಕಿವಿ ಮುಚ್ಚಿಕೊಂಡ ಮಗುವಿಗೆ ಹಸಿವು, ಮೂತ್ರದ ಒತ್ತಡ, ಚಳಿ ಇವೂ ಕೇಳಿಸುವುದಿಲ್ಲ. ಊಟಕ್ಕೆ ಮೊದಲು ಮೂರು ಲೋಟ ಇಡಿ: ಖಾಲಿ, ಅರ್ಧ, ತುಂಬಿದ್ದು. ‘ನಿನ್ನ ಹೊಟ್ಟೆ ಈಗ ಯಾವುದು?’ ಎಂದು ಕೇಳಿ. ತಪ್ಪು ಹೇಳಿದರೂ ತಿದ್ದಬೇಡಿ, ಉಣಿಸಿ. ಕೆಲವು ವಾರಗಳಲ್ಲಿ ಬೆರಳು ಸರಿಯಾದ ಲೋಟದ ಕಡೆ ಹೋಗತೊಡಗುತ್ತದೆ.

ಅಪ್ಪಿಕೊಳ್ಳುವುದನ್ನು ಅವನಿಗೇ ಬಿಡಿ. ‘ಕೈ ಕೊಡ್ತೀಯಾ, ಮುಷ್ಟಿ ತಾಗಿಸ್ತೀಯಾ, ಇವತ್ತು ಬೇಡವಾ?’ ಎಂದು ಕೇಳಿ. ಅಂಗೈ ಎತ್ತಿ ತೋರಿಸಿದರೆ ನಿಲ್ಲಿಸಬೇಕು ಎಂಬ ಒಪ್ಪಂದ ಮಾಡಿಕೊಳ್ಳಿ. ಕಚಗುಳಿಯ ಆಟದಲ್ಲೂ ಅದು ಪಾಲನೆಯಾಗಲಿ, ನೆಂಟರಿಗೂ ಹೇಳಿಬಿಡಿ. ರಾತ್ರಿ ಕಿರುಚಿ ಎದ್ದರೆ ಮೇಲೆ ಬಾಗಿ ಹಿಡಿದುಕೊಳ್ಳಬೇಡಿ, ಅವನಿಗೆ ಅದು ಅಪ್ಪನ ನೆರಳು. ದೀಪ ಹಾಕಿ, ಒಂದು ಮಾರು ದೂರ ಕೂತು, ‘ನಾನು ಚಿಕ್ಕಿ. ಇದು ನಮ್ಮನೆ. ಇವತ್ತು ಮಂಗಳವಾರ. ಚಿಲಕ ಹಾಕಿದೆ’ ಎಂದು ಚಿಕ್ಕ ಮಾತುಗಳಲ್ಲಿ ಹೇಳಿ. ಮಂಚ ಗೋಡೆಗೆ ತಾಗಿ, ಬಾಗಿಲು ಕಾಣುವ ಹಾಗಿರಲಿ. ಶಾಲೆಯಲ್ಲೂ ಅಷ್ಟೇ: ಹಿಂದೆ ಗೋಡೆ, ಎದುರಿಗೆ ಬಾಗಿಲು ಇರುವ ಜಾಗ ಕೊಡಲು, ಹಿಂದಿನಿಂದ ಭುಜ ಹಿಡಿಯದಿರಲು, ಬಿಸಿಯೂಟದ ತಟ್ಟೆಗಳ ಗದ್ದಲ ಶುರುವಾಗುವ ಮೊದಲೇ ಪುಸ್ತಕದ ಕಟ್ಟು ಹೊತ್ತು ಆಫೀಸಿಗೆ ಹೋಗುವ ಕೆಲಸ ಕೊಡಲು ಮಾಸ್ತರರಲ್ಲಿ ಕೇಳಿಕೊಳ್ಳಿ. ಕಥೆಯೆಲ್ಲ ಅವರಿಗೆ ಹೇಳಬೇಕಿಲ್ಲ. ಜಾತ್ರೆಗೋ ಯಕ್ಷಗಾನದ ಆಟಕ್ಕೋ ಕರೆದೊಯ್ಯುವುದಾದರೆ ಚಂಡೆಯಿಂದ ದೂರ, ಎದ್ದು ಹೋಗಲು ದಾರಿ ಇರುವ ಕಡೆ ಕೂರಿ, ‘ಸಾಕೆನಿಸಿದರೆ ಹೊರಡೋಣ’ ಎಂದು ಮೊದಲೇ ಹೇಳಿ, ಹೇಳಿದಂತೆ ಹೊರಡಿ.

ಒಂದು ಪುಸ್ತಕ ಇಡಿ. ದಿನ, ಹೊತ್ತು, ಅದಕ್ಕೆ ಮೊದಲು ಏನಾಗಿತ್ತು, ಮೈ ಏನು ಮಾಡಿತು, ಮರಳಿ ತಣಿಯಲು ಎಷ್ಟು ನಿಮಿಷ ಬೇಕಾಯಿತು. ಈ ಕೊನೆಯ ಅಂಕಿಯೇ ನಿಜವಾದ ಅಳತೆಗೋಲು. ಕೂಗಾಟ ನಿಂತಿತೇ ಎಂದು ನೋಡಿದರೆ ತಿಂಗಳುಗಟ್ಟಲೆ ನಿರಾಸೆ. ಐವತ್ತು ನಿಮಿಷದ್ದು ಇಪ್ಪತ್ತಕ್ಕೆ ಇಳಿಯಿತೇ ಎಂದು ನೋಡಿದರೆ ಚಿಕಿತ್ಸೆ ಕೆಲಸ ಮಾಡುತ್ತಿದೆಯೋ ಇಲ್ಲವೋ ತಿಳಿಯುತ್ತದೆ. ಸೆಷನ್ ಆದ ಮೇಲೆ ಒಂದೆರಡು ದಿನ ಸುಸ್ತು, ಹಟ ಸಹಜ. ಕೆಟ್ಟ ಕನಸು, ಹಾಸಿಗೆ ಒದ್ದೆ, ನೋಟ ನಿಲ್ಲುವುದು ಎರಡು ವಾರಕ್ಕೂ ಮೀರಿ ಹೆಚ್ಚುತ್ತಲೇ ಹೋದರೆ ಅಳತೆ ಮೀರಿದೆ ಎಂದರ್ಥ, ಥೆರಪಿಸ್ಟ್‌ಗೆ ಹೇಳಿ ನಿಧಾನಿಸಿ. ತನಗೆ ತಾನೇ ಗಾಯ ಮಾಡಿಕೊಳ್ಳುವುದು, ಸಾಯುವ ಮಾತು ಬಂದರೆ ಕಾಯಬೇಡಿ, ಅಂದೇ ಮನೋವೈದ್ಯರ ಬಳಿ ಹೋಗಿ. ಇದು ನಿಮಗೂ ಅನ್ವಯಿಸುತ್ತದೆ. ಒಟ್ಟು ಕಾಲ ವರ್ಷದ ಲೆಕ್ಕದ್ದು. ಮೊದಲ ಕೆಲವು ತಿಂಗಳು ಹಳೆಯ ಘಟನೆಗಳನ್ನು ಕೆದಕದೆ ಬರೀ ನೆಲೆ ಗಟ್ಟಿ ಮಾಡುವ ಕೆಲಸ ನಡೆದರೆ, ಏನೂ ಆಗುತ್ತಿಲ್ಲ ಎಂದು ಬಿಡಬೇಡಿ.

ಅವನಪ್ಪ ಈಗಲೂ ಮನೆಗೆ ಬರುತ್ತಾನೆಯೇ ಎಂಬುದನ್ನು ನೀವು ಬರೆದಿಲ್ಲ. ಬರುತ್ತಿದ್ದರೆ ಮೊದಲ ಚಿಕಿತ್ಸೆ ಅದನ್ನು ನಿಲ್ಲಿಸುವುದು. ಅಪಾಯ ಇನ್ನೂ ಬಾಗಿಲಲ್ಲಿದ್ದಾಗ ಆ ಎಚ್ಚರಿಕೆಯ ಗಂಟೆಯನ್ನು ತಗ್ಗಿಸಲು ಯಾವ ಥೆರಪಿಗೂ ಆಗದು, ತಗ್ಗಿಸಲೂಬಾರದು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಇನ್ನೊಂದು ಮಾತು. ಮೈ ಸಡಿಲವಾದಂತೆ ಮಕ್ಕಳು ಹೇಳದೇ ಇಟ್ಟದ್ದನ್ನು ಹೇಳುತ್ತಾರೆ. ಲೈಂಗಿಕ ದೌರ್ಜನ್ಯದ ಸಂಗತಿ ಬಂದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ಥೆರಪಿಸ್ಟ್ ಕೂಡ. ಆದ್ದರಿಂದ ‘ಯಾರಿಗೂ ಹೇಳಲ್ಲ’ ಎಂದು ಅವನಿಗೆ ಮಾತು ಕೊಡಬೇಡಿ. ‘ನಿನ್ನನ್ನು ಕಾಪಾಡಲು ಬೇಕಾದವರಿಗೆ ಮಾತ್ರ ಹೇಳ್ತೇನೆ, ಮೊದಲು ನಿನಗೆ ತಿಳಿಸಿ’ ಎನ್ನಿ.

ಯಾರ ಬಳಿ ಹೋಗುವುದು? ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯ ವಿಭಾಗದಿಂದ ಶುರುಮಾಡಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಯೋಜನೆಯಡಿ ಮಂಗಳವಾರದ ಮನೋವೈದ್ಯ ಕ್ಲಿನಿಕ್‌ಗಳಿವೆ, ಯಾವ ವಾರ ಎಂದು ಮೊದಲೇ ಕೇಳಿಕೊಳ್ಳಿ. ಮಾನಸಿಕ ಆರೋಗ್ಯ ಸಂಸ್ಥೆಗಳಾದ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗ ಮುಂದಿನ ಮೆಟ್ಟಿಲು. 2022ರ ಅಕ್ಟೋಬರ್ 10ರಂದು ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ರಲ್ಲಿ ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ದೇಹದ ಚಿಕಿತ್ಸೆಗೆಂದೇ ತರಬೇತಾದವರು ಮನೆ ಹತ್ತಿರ ಸಿಗದಿದ್ದರೆ, ಸಂವೇದನಾ ಸಂಯೋಜನೆ ತಿಳಿದ ಆಕ್ಯುಪೇಷನಲ್ ಥೆರಪಿಸ್ಟ್ ಒಬ್ಬರು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರು ಸೇರಿ ನೋಡಿಕೊಂಡರೆ ಆ ಕೊರತೆ ಬಹುಪಾಲು ತುಂಬುತ್ತದೆ. ವಾರಾಂತ್ಯದ ಕೋರ್ಸಿನ ಪ್ರಮಾಣಪತ್ರವೊಂದೇ ಇದ್ದವರ ಬಳಿ ಹೋಗಬೇಡಿ. ಮೊದಲ ಭೇಟಿಯಲ್ಲೇ ಕೇಳಿ: ಮೂಲ ಓದು ಏನು, ಮಗು ಬೇಡ ಎಂದರೆ ಏನು ಮಾಡುತ್ತೀರಿ, ಮುಟ್ಟುವುದಾದರೆ ಎಲ್ಲಿ, ಯಾಕೆ, ಯಾರ ಒಪ್ಪಿಗೆಯಿಂದ, ನಾನು ಕೋಣೆಯಲ್ಲಿ ಇರಬಹುದೇ. ಕೊನೆಯ ಪ್ರಶ್ನೆಗೆ ಕಾರಣ ಹೇಳದೆ ‘ಇಲ್ಲ’ ಎಂದರೆ ಎದ್ದು ಬನ್ನಿ.

ಮೊದಲು ನೀವೋ ಅವನೋ ಎಂದು ಕೇಳಿದ್ದೀರಿ. ಸಾಧ್ಯವಾದರೆ ನೀವು, ಮೂರು-ನಾಲ್ಕು ವಾರ ಮುಂಚೆ. ಚಿಕ್ಕ ಮಕ್ಕಳ ಮೈ ದೊಡ್ಡವರ ಮೈಯನ್ನು ನೋಡಿ ತಣಿಯುತ್ತದೆ. ಅವನು ಕೂಗಾಡುವಾಗ ನಿಮ್ಮ ಎದೆ ಬಿಗಿದರೆ ಅವನ ಕಣ್ಣಿಗೆ ಅದು ಅಪಾಯದ ಸಾಕ್ಷಿ. ಆ ಹೊತ್ತಿನಲ್ಲಿ ಏನೂ ಹೇಳದೆ, ಎರಡು ಹೆಜ್ಜೆ ಹಿಂದೆ ಸರಿದು, ಅವನಿಗಿಂತ ತಗ್ಗಿನಲ್ಲಿ ಕೂತು, ನಿಮ್ಮ ಅಂಗಾಲನ್ನು ನೆಲಕ್ಕೆ ಒತ್ತಿ, ಉಸಿರನ್ನು ಉದ್ದಕ್ಕೆ ಬಿಡಿ. ಇಷ್ಟನ್ನು ನಿಮ್ಮ ಮೊದಲ ಸೆಷನ್‌ಗಳಲ್ಲಿ ಕಲಿಸಿಕೊಡಲು ಕೇಳಿ. ಅದು ಕೈಗೂಡಿದ ಮೇಲೆ ಅವನದ್ದನ್ನು ಶುರು ಮಾಡಿ. ದೊಡ್ಡವರ ಸೆಷನ್ ಫೋನಿನ ವಿಡಿಯೊದಲ್ಲೂ ಆಗುತ್ತದೆ, ಹುಡುಗನದು ಎದುರಾ ಎದುರೇ ಆಗಬೇಕು.

ಇನ್ನು ಪ್ರಯಾಣ. ಘಟ್ಟದ ಮೇಲೆ ಹೋಗುವುದಾದರೆ ಸೆಷನ್ ಮುಗಿದ ಕೂಡಲೇ ಬಸ್ ಹತ್ತಬೇಡಿ. ತೂಗಾಟ-ಕುಣಿತ ಆದ ಕಿವಿಗೆ ದೇವಿಮನೆ ಘಟ್ಟದ ತಿರುವುಗಳು ಸೇರಿದರೆ ವಾಂತಿ, ಗಾಬರಿ ಎರಡೂ ಆಗಬಹುದು. ಅರ್ಧ ಗಂಟೆ ಎಲ್ಲಾದರೂ ನೆರಳಲ್ಲಿ ಕೂತು, ಏನಾದರೂ ತಿನ್ನಿಸಿ, ಬಸ್ಸಿನಲ್ಲಿ ಮುಂದಿನ ಸೀಟು ಹಿಡಿದು, ಹುರುಳಿಯ ಚೀಲ ಅವನ ತೊಡೆಯ ಮೇಲಿಡಿ. ಮಾರನೆಯ ದಿನ ಪರೀಕ್ಷೆ ಇದ್ದರೆ ಆ ದಿನ ಭೇಟಿ ಇಟ್ಟುಕೊಳ್ಳಬೇಡಿ.